ಒಂದೇ ಗ್ಯಾಲಕ್ಸಿ ಗುಂಪು, ಮೂರು ಉತ್ತರ: ನಡುವಿನ ಮಬ್ಬು ಬೆಳಕನ್ನು ಅಳೆಯೋದು ಹೇಗೆ?

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್ ವಿಷಯ, ಗ್ಯಾಲಕ್ಸಿ ಗುಂಪುಗಳಲ್ಲಿ ಗ್ಯಾಲಕ್ಸಿಗಳ ನಡುವೆ ಹರಡಿರುವ ಮಬ್ಬು ಬೆಳಕು. ಇಂಟ್ರಾಗ್ರೂಪ್ ಲೈಟ್, ಚಿಕ್ಕದಾಗಿ ಐಜಿಎಲ್ ಅಂತಾರೆ. ಯಾವ ಗ್ಯಾಲಕ್ಸಿಗೂ ಸೇರದೆ ನಡುವೆ ಅಲೆಯುವ ನಕ್ಷತ್ರಗಳ ಬೆಳಕು ಅದು.

ಸ್ವಂತವಾಗಿ ಸಿಮ್ಯುಲೇಶನ್ ಓಡಿಸುವ ಕಂಪ್ಯೂಟರ್ ನಮ್ಮ ವಿಭಾಗದಲ್ಲಿಲ್ಲ. ಅದಕ್ಕೇ ಇಲಸ್ಟ್ರಿಸ್ ಟಿಎನ್‌ಜಿ ಡೇಟಾ ತೆಗೆದುಕೊಂಡೆ. ವಿಶ್ವದ ಒಂದು ತುಂಡನ್ನು ಪೆಟ್ಟಿಗೆಯಲ್ಲಿಟ್ಟ ಹಾಗೆ ಕಂಪ್ಯೂಟರಿನಲ್ಲಿ ಬೆಳೆಸಿದ ಸಿಮ್ಯುಲೇಶನ್ ಅದು; ಟಿಎನ್‌ಜಿ50, 100, 300 ಅಂತ ಮೂರು ಗಾತ್ರದ ಪೆಟ್ಟಿಗೆಗಳಿವೆ. ಅದು ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಟಿಎನ್‌ಜಿ100ರಲ್ಲಿ ಒಂದು ಗುಂಪು ಆರಿಸಿದೆ. ಹತ್ತಿರಹತ್ತಿರ ಒಂದೇ ತೂಕದ ಮೂರು ದೊಡ್ಡ ಗ್ಯಾಲಕ್ಸಿ, ಸುತ್ತ ಒಂದಷ್ಟು ಪುಟಾಣಿಗಳು. ಒಟ್ಟು ತೂಕ ಸುಮಾರು ಹತ್ತು ಲಕ್ಷ ಕೋಟಿ ಸೂರ್ಯರಷ್ಟು.

ಮೂರು ರೀತಿಯಲ್ಲಿ ಅಳೆದೆ. ಮೊದಲು, ಚಿತ್ರ ಮಾಡಿ ಒಂದು ಮಿತಿಗಿಂತ ಮಬ್ಬಾಗಿರುವುದನ್ನೆಲ್ಲ ಐಜಿಎಲ್ ಅಂದೆ. ಆಮೇಲೆ, ನಡುವಿನ ದೊಡ್ಡ ಗ್ಯಾಲಕ್ಸಿಯಿಂದ 30 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಅಂದರೆ ಸುಮಾರು 3,260 ಜ್ಯೋತಿರ್ವರ್ಷ) ಆಚೆ ಇದ್ದು ಬೇರೆ ಗ್ಯಾಲಕ್ಸಿಗೂ ಸೇರದ ನಕ್ಷತ್ರಗಳನ್ನು ಎಣಿಸಿದೆ. ಕೊನೆಗೆ, ಬಂಧನ ಶಕ್ತಿ ನೋಡಿ ಯಾವ ನಕ್ಷತ್ರ ಯಾರ ಹಿಡಿತದಲ್ಲೂ ಇಲ್ಲ ಅಂತ ವಿಂಗಡಿಸಿದೆ.

ಮೂರಕ್ಕೂ ಬೇರೆ ಬೇರೆ ಉತ್ತರ. ಮೊದಲನೆಯದಕ್ಕಿಂತ ಕೊನೆಯದು ಎರಡು ಪಟ್ಟಿಗೂ ಜಾಸ್ತಿ! ಸಾಲದ್ದಕ್ಕೆ, ಎರಡನೇ ವಿಧಾನದಲ್ಲಿ ಒಂದು ಸ್ನ್ಯಾಪ್‌ಶಾಟ್‌ನಿಂದ (ಸಿಮ್ಯುಲೇಶನ್ ಆಗಾಗ ಉಳಿಸಿಟ್ಟ ಒಂದು ಕ್ಷಣದ ದಾಖಲೆ) ಮುಂದಿನದಕ್ಕೆ ಹೋದರೆ ಉತ್ತರ ಏಕ್ದಂ ಹಾರುತ್ತದೆ, ಮತ್ತೆ ಇಳಿಯುತ್ತದೆ. ಗೈಡ್ ಮಾತ್ರ "ಒಂದು ನಂಬರ್ ಹೇಳಮ್ಮ ಸಾಕು" ಅಂತಾರೆ. ಯಾವುದನ್ನ ಹೇಳಲಿ?

ಹಳೇ_ಮೇಷ್ಟ್ರು

ಒಳ್ಳೇ ವಿಷಯ ಎತ್ತಿದ್ದೀಯಮ್ಮ. ಮೂವತ್ತು ವರ್ಷ ಹೈಸ್ಕೂಲಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಆದರೂ ಒಂದು ಮೂಲಪ್ರಶ್ನೆ. ನಕ್ಷತ್ರ ತನ್ನ ಗ್ಯಾಲಕ್ಸಿ ಬಿಟ್ಟು ಯಾಕೆ ಹೊರಗೆ ಬರುತ್ತದೆ? ಅದನ್ನ ಒದ್ದು ಓಡಿಸೋರು ಯಾರು?

ಪರದೇಶಿ_ಗಣಕ

ಮೇಷ್ಟ್ರೇ, ನಮಸ್ಕಾರ. ನಾನು ಜರ್ಮನಿಯಲ್ಲಿ ಇದೇ ಥರದ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆ ಮೊದಲು, ತಂಗಿಯ ಪ್ರಶ್ನೆ ಆಮೇಲೆ.

ಒದ್ದು ಓಡಿಸೋದಲ್ಲ, ಎಳೆದು ಚೆಲ್ಲೋದು. ಚಂದ್ರ ನಮ್ಮ ಸಮುದ್ರವನ್ನು ಉಬ್ಬಿಸುವುದೂ ಇದೇ ಬಲದಿಂದ. ಹತ್ತಿರದ ಬದಿಯನ್ನು ಜಾಸ್ತಿ ಎಳೆಯುತ್ತಾನೆ, ದೂರದ ಬದಿಯನ್ನು ಕಡಿಮೆ. ಎರಡು ಗ್ಯಾಲಕ್ಸಿಗಳು ಪಕ್ಕದಲ್ಲಿ ಹಾದುಹೋದಾಗ ಆಗುವುದೂ ಅಷ್ಟೇ. ಅಂಚಿನ ನಕ್ಷತ್ರಗಳ ಮೇಲೆ ಅವುಗಳ ಮನೆಯ ಹಿಡಿತ ಸಡಿಲ ಇರುತ್ತದೆ. ಅವು ಉದ್ದ ಬಾಲದಂತೆ ಹೊರಗೆ ಚಾಚಿಕೊಳ್ಳುತ್ತವೆ. 1972ರಲ್ಲಿ ಟೂಮ್ರೆ ಅಣ್ಣತಮ್ಮಂದಿರು ಇದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಇವತ್ತಿನ ಲೆಕ್ಕಕ್ಕೆ ಅವರ ಕಂಪ್ಯೂಟರ್ ಆಟಿಕೆ. ಆದರೂ ಆ ಬಾಲಗಳು ಆಕಾಶದಲ್ಲಿ ಕಾಣುವ ಬಾಲಗಳ ಹಾಗೇ ಬಂದವು.

ಗುಂಪುಗಳಲ್ಲಿ ಇದು ಯಾಕೆ ಮುಖ್ಯ ಅಂದರೆ ವೇಗ. ಕೋಮಾದಂಥ ದೊಡ್ಡ ಗೊಂಚಲಿನಲ್ಲಿ (ಕ್ಲಸ್ಟರ್, ಗುಂಪಿಗಿಂತ ಎಷ್ಟೋ ದೊಡ್ಡದು) ಗ್ಯಾಲಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿ ಓಡುತ್ತವೆ. ಗುಂಪಿನಲ್ಲಿ ಕೆಲವು ನೂರು ಅಷ್ಟೇ. ನಿಧಾನವಾಗಿ ಹಾದುಹೋದರೆ ಎಳೆಯಲು ಹೆಚ್ಚು ಹೊತ್ತು ಸಿಗುತ್ತದೆ. ಕೆಲವೊಮ್ಮೆ ಎರಡೂ ಸುತ್ತಿ ಬಂದು ಸೇರಿಯೇ ಬಿಡುತ್ತವೆ. ಆ ಗಲಾಟೆಯಲ್ಲಿ ಒಂದಷ್ಟು ನಕ್ಷತ್ರ ಹೊರಗೆ ಚೆಲ್ಲುತ್ತದೆ. ಮುಂದೆ ಆ ಗುಂಪೇ ಒಂದು ದೊಡ್ಡ ಗೊಂಚಲಿಗೆ ಹೋಗಿ ಬಿದ್ದರೆ, ಚೆಲ್ಲಿದ ಬೆಳಕನ್ನೂ ಜೊತೆಗೇ ತಗೊಂಡು ಹೋಗುತ್ತದೆ. ಮದುಮಗಳು ತವರಿನ ಸಾಮಾನು ಹೊತ್ತುಕೊಂಡು ಹೋದ ಹಾಗೆ.

ಹಳೇ_ಮೇಷ್ಟ್ರು

ಅರ್ಥವಾಯಿತು. ಮದುಮಗಳ ಮಾತು ಬೇಡವಿತ್ತು, ಆದರೂ ಅರ್ಥವಾಯಿತು.

ಕತ್ತಲೆ_ಬೇಟೆ

ಮೂಡಿಗೆರೆ ಕಡೆಯಿಂದ ಆಕಾಶದ ಫೋಟೋ ತೆಗೆಯೋನು ನಾನು. ಸಿಮ್ಯುಲೇಶನ್ ಗೊತ್ತಿಲ್ಲ. ಆದರೆ ಈ ಬೆಳಕು ಎಷ್ಟು ಮಬ್ಬು ಅಂತ ಹೊಟ್ಟೆ ಉರಿಸಿಕೊಂಡು ಕಲಿತಿದ್ದೇನೆ.

ತುಂಬ ಒಳ್ಳೆಯ ಕತ್ತಲ ಜಾಗದಲ್ಲೂ ಆಕಾಶಕ್ಕೆ ತನ್ನದೇ ಹೊಳಪು ಇರುತ್ತದೆ. ಒಂದು ಚದರ ಆರ್ಕ್‌ಸೆಕೆಂಡಿಗೆ (ಆಕಾಶದ ಒಂದು ಪುಟ್ಟ ಚೌಕ) ಸುಮಾರು 22 ಮ್ಯಾಗ್ನಿಟ್ಯೂಡ್. ಈ ಅಳತೆಯಲ್ಲಿ ನಂಬರ್ ದೊಡ್ಡದಾದಷ್ಟೂ ಬೆಳಕು ಕಡಿಮೆ. ಐಜಿಎಲ್ ಶುರುವಾಗೋದೇ 26.5, 27ರಿಂದ ಆಚೆ. ಐದು ಮ್ಯಾಗ್ನಿಟ್ಯೂಡ್ ಅಂದರೆ ನೂರು ಪಟ್ಟು. ಅಂದರೆ ಆಕಾಶದ ಹೊಳಪಿನ ನೂರರಲ್ಲೊಂದು ಪಾಲನ್ನು ಹುಡುಕಬೇಕು. ಇನ್ನೂ ಹೊರಗೆ ಹೋದರೆ ಸಾವಿರದಲ್ಲೊಂದು.

ಹೋದ ವರ್ಷ ಎಂ81 ಗುಂಪಿನ ಮೇಲೆ ಹಲವು ರಾತ್ರಿ ಕೂತೆ. ನಮ್ಮೂರಿನಿಂದ ಅದು ಉತ್ತರದಲ್ಲಿ 34 ಡಿಗ್ರಿಗಿಂತ ಮೇಲೆ ಏರೋದಿಲ್ಲ. ಆದರೂ ಚಿತ್ರ ಹಿಗ್ಗಿಸಿ ನೋಡಿದಾಗ ಎಂ81, ಎಂ82 ನಡುವೆ ಹೊಗೆಯಂಥ ಎಳೆಗಳು! ನಕ್ಷತ್ರಗಳ ಹೊಳೆ ಸಿಕ್ಕಿತು ಅಂತ ಕುಣಿದೆ. ಗೆಳೆಯನೊಬ್ಬ ತಣ್ಣೀರೆರಚಿದ. ಅದರಲ್ಲಿ ಬಹುಪಾಲು ನಮ್ಮದೇ ಆಕಾಶಗಂಗೆಯ ದೂಳು. ಆಕಾಶಗಂಗೆಯ ಒಟ್ಟು ಬೆಳಕು ಬಿದ್ದು ಮಂಕಾಗಿ ಹೊಳೆಯುತ್ತದೆ. ಎಂ81 ಇರೋದು ಒಂದು ಕೋಟಿ ಇಪ್ಪತ್ತು ಲಕ್ಷ ಜ್ಯೋತಿರ್ವರ್ಷ ದೂರ. ದೂಳು ಇರೋದು ನಮ್ಮ ಮನೆ ಬಾಗಿಲಲ್ಲಿ. ಕನ್ನಡಕದ ಮೇಲಿನ ಕಲೆಯನ್ನ ಗುಡ್ಡದ ಮೇಲಿನ ಮಂಜು ಅಂದುಕೊಂಡ ಹಾಗಾಯ್ತು.

ಪರದೇಶಿ_ಗಣಕ

ಇದು ಕಸುಬುದಾರರಿಗೂ ತಪ್ಪಿದ್ದಲ್ಲ ಅಣ್ಣ. ತಮಾಷೆ ಅಂದರೆ, ಅದೇ ಎಂ81, ಎಂ82, ಎನ್‌ಜಿಸಿ 3077 ನಡುವೆ ನಿಜವಾದ ಸೇತುವೆ ಇದೆ. 1994ರಲ್ಲಿ ಅಮೆರಿಕದ ವಿಎಲ್‌ಎ ರೇಡಿಯೋ ದೂರದರ್ಶಕದ ನಕ್ಷೆಯಲ್ಲಿ ಹೈಡ್ರೋಜನ್ ಅನಿಲದ ಎಳೆಗಳು ಮೂರನ್ನೂ ಜೋಡಿಸಿರುವುದು ಸ್ಪಷ್ಟವಾಗಿ ಕಂಡಿತು. ಮಾಮೂಲಿ ಫೋಟೋದಲ್ಲಿ ನೋಡಿದರೆ ಮೂರೂ ಬೇರೆ ಬೇರೆ ಸಂಸಾರ ಅನ್ನಿಸುತ್ತದೆ.

ಈಗ ತಂಗಿಯ ಪ್ರಶ್ನೆ. ನೀನು ತಪ್ಪು ಮಾಡಿಲ್ಲ. ಮೂರು ಬೇರೆ ಪ್ರಶ್ನೆ ಕೇಳಿದ್ದೀಯ, ಮೂರು ಬೇರೆ ಉತ್ತರ ಬಂದಿದೆ.

ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತವರನ್ನೆಲ್ಲ ಎಣಿಸಿದೆ ಅಂತಿಟ್ಟುಕೋ. ಅವರೆಲ್ಲ ಬೆಂಗಳೂರಿನವರಾ? ಅರ್ಧ ಜನ ಹಾಸನಕ್ಕೆ ಬಸ್ ಹಿಡಿಯಲು ಬಂದವರು. ಎಲ್ಲಿದ್ದಾರೆ ಅನ್ನೋದು ಒಂದು, ಎಲ್ಲಿಯವರು ಅನ್ನೋದು ಇನ್ನೊಂದು. ಮಬ್ಬಿನ ಮಿತಿ ಹಾಕಿದಾಗ ನೀನು ಕೇಳಿದ್ದು "ಈಗ ಎಲ್ಲಿದ್ದೀಯ?" ಅಂತ. ಬಂಧನ ಶಕ್ತಿ ನೋಡಿದಾಗ ಕೇಳಿದ್ದು "ನಿನ್ನ ಊರು ಯಾವುದು?" ಅಂತ. ಯಾರ ಹಿಡಿತದಲ್ಲೂ ಇಲ್ಲದ ನಕ್ಷತ್ರ ಕೂಡ ಈ ಕ್ಷಣ ಒಂದು ಹೊಳೆಯುವ ಗ್ಯಾಲಕ್ಸಿಯ ಮುಂದೆ ಹಾದುಹೋಗುತ್ತಿರಬಹುದು. ಚಿತ್ರದಲ್ಲಿ ಅದು ಗ್ಯಾಲಕ್ಸಿಯ ಲೆಕ್ಕಕ್ಕೇ ಹೋಗುತ್ತದೆ.

ಇದನ್ನ 2011ರಲ್ಲೇ ರುಡಿಕ್, ಮಿಹೋಸ್, ಮೆಕ್‌ಬ್ರೈಡ್ ಮಾಡಿ ನೋಡಿದ್ದಾರೆ. ಅವರದ್ದು ಗೊಂಚಲುಗಳ ಸಿಮ್ಯುಲೇಶನ್. ಬಳಕೆಯಲ್ಲಿದ್ದ ವಿಧಾನಗಳನ್ನೆಲ್ಲ ಅವುಗಳ ಮೇಲೇ ಪ್ರಯೋಗಿಸಿದರು. ಎಲ್ಲ ಗೊಂಚಲು, ಎಲ್ಲ ವಿಧಾನ ಸೇರಿ ಉತ್ತರ 9%ನಿಂದ 36%ವರೆಗೆ ಬಂತು. ಒಂದೇ ಗೊಂಚಲಿನಲ್ಲೂ ವಿಧಾನ ಬದಲಿಸಿದರೆ ಎರಡು ಪಟ್ಟಿನ ತನಕ ವ್ಯತ್ಯಾಸ. ಈಗಿನ ಜಾಗವನ್ನಷ್ಟೇ ನೋಡುವ ವಿಧಾನಗಳಿಗೆ ಕಡಿಮೆ ಸಿಗುತ್ತದೆ. ವೇಗ, ಚರಿತ್ರೆ ನೋಡುವ ವಿಧಾನಗಳಿಗೆ ಜಾಸ್ತಿ ಸಿಗುತ್ತದೆ. ನಿನಗೆ ಬಂದದ್ದೂ ಅದೇ ದಿಕ್ಕಿನಲ್ಲಿದೆ ನೋಡು.

ಸುಮ್ನೆ_ಕೇಳ್ದೆ

ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಂಪ್ಯೂಟರಿಗೆ ನಿಯಮ ಹಾಕಿದ್ದು ನೀವೇ. ಬೆಳಕು ತೆಗೆದದ್ದೂ ನೀವೇ. ಅದನ್ನ ಅಳೆದರೆ ನೀವೇ ಒಪ್ಪೋದಿಲ್ಲ. ಹಾಗಿದ್ರೆ ನಿಜವಾದ ಆಕಾಶ ನೋಡಿದ್ರೆ ಸಾಕಲ್ವಾ? ಅಲ್ಲಿ ಎಲ್ಲ ಗೊತ್ತಾಗುತ್ತಲ್ಲ.

ಶರಾವತಿ_ತೀರ

ಅಲ್ಲೂ ಇದೇ ಕತೆ ಸರ್. ಹಿಕ್‌ಸನ್ ಪಟ್ಟಿಯ ಒತ್ತೊತ್ತಾದ ಗುಂಪುಗಳನ್ನೇ ನೋಡಿ. ಹಿಕ್‌ಸನ್ 79, ಸೇಫರ್ಟ್ ಸೆಕ್ಸ್‌ಟೆಟ್ ಅಂತ ಹೆಸರು. ಆರು ಅಂತ ಹೆಸರಾದರೂ ಗುಂಪಿಗೆ ಸೇರಿದ ಗ್ಯಾಲಕ್ಸಿಗಳು ನಾಲ್ಕೇ. ಒಂದು ಎಷ್ಟೋ ಹಿಂದೆ ಇರೋದು, ಇನ್ನೊಂದು ಗ್ಯಾಲಕ್ಸಿಯೇ ಅಲ್ಲ, ಕಿತ್ತುಬಂದ ಬಾಲ. ಅಲ್ಲಿ ಒಟ್ಟು ಬೆಳಕಿನ 46% ನಡುವೆ ಚೆಲ್ಲಿದೆ ಅಂತ 2005ರಲ್ಲಿ ದ ರೋಚಾ, ಮೆಂಡಿಸ್ ದ ಒಲಿವೇರಾ ಅಳೆದರು. ಅದೇ ಲೇಖನದಲ್ಲಿ ಹಿಕ್‌ಸನ್ 88ಕ್ಕೆ ಏನೂ ಸಿಗಲಿಲ್ಲ. ಸೊನ್ನೆ. ಸಿಂಹರಾಶಿಯ ಎಂ96 ಗುಂಪನ್ನೂ 2014ರಲ್ಲಿ 30 ಮ್ಯಾಗ್ನಿಟ್ಯೂಡ್ ತನಕ ಹುಡುಕಿದರು. ಹರಡಿದ ಬೆಳಕು ಕಾಣಲಿಲ್ಲ.

ಗುಂಪುಗಳೇ ಬೇರೆ ಬೇರೆ ಇರಬಹುದು, ಸರಿ. ಆದರೆ 2023ರಲ್ಲಿ ಒಂದೇ ಒಂದು ಗುಂಪನ್ನು ಸುಬಾರು ದೂರದರ್ಶಕದ ಹೈಪರ್ ಸುಪ್ರೈಮ್ ಕ್ಯಾಮ್ ಚಿತ್ರದಲ್ಲಿ ಅಳೆದಿದ್ದಾರೆ. ಹೆಸರು ಗಾಮಾ 400138. ವಿಧಾನ, ಬಣ್ಣ ಬದಲಿಸಿದಂತೆ ಉತ್ತರ 2%ನಿಂದ 36%. ಆಕಾಶವೂ ಒಂದೇ ನಂಬರ್ ಕೊಡಲ್ಲ.

ಪರದೇಶಿ_ಗಣಕ

@ಸುಮ್ನೆ_ಕೇಳ್ದೆ, "ನೀವೇ ಹಾಕಿದ ನಿಯಮ" ಅನ್ನೋ ಮಾತಿಗೆ ಉತ್ತರ ಕೊಡಲೇಬೇಕು, ಒಳ್ಳೆ ಪ್ರಶ್ನೆ. ನಿಯಮ ಹಾಕಿದ್ದು ನಿಜ. ಗುರುತ್ವ, ಅನಿಲದ ಹರಿವು, ನಕ್ಷತ್ರ ಹುಟ್ಟುವುದು, ಸೂಪರ್‌ನೋವಾ, ಕಪ್ಪುಕುಳಿಗಳ ಉಗುಳು. ಕೆಲವು ತಿರುಪುಗಳನ್ನು ಗ್ಯಾಲಕ್ಸಿಗಳ ಸಂಖ್ಯೆ, ತೂಕ ಆಕಾಶಕ್ಕೆ ಹೊಂದುವ ಹಾಗೆ ತಿರುಗಿಸಿದ್ದೂ ನಿಜ. ಆದರೆ ಗ್ಯಾಲಕ್ಸಿಗಳ ನಡುವೆ ಇಷ್ಟು ಬೆಳಕು ಇರಬೇಕು ಅಂತ ಯಾರೂ ತಿರುಪು ತಿರುಗಿಸಿಲ್ಲ. ಅದು ತಾನಾಗಿ ಬಂದದ್ದು. ಅದಕ್ಕೇ ಅದು ಒಳ್ಳೆಯ ಪರೀಕ್ಷೆ.

ಇನ್ನೊಂದು ಕಾರಣ ಡಾರ್ಕ್ ಮ್ಯಾಟರ್, ಅಂದರೆ ಬೆಳಕು ಕೊಡದೆ ಗುರುತ್ವದಿಂದಷ್ಟೇ ಗೊತ್ತಾಗುವ ವಸ್ತು. ಚೆಲ್ಲಿಹೋದ ನಕ್ಷತ್ರಗಳು ಈಗ ಯಾವ ಗ್ಯಾಲಕ್ಸಿಯ ಮಾತೂ ಕೇಳೋದಿಲ್ಲ. ಇಡೀ ಗುಂಪಿನ ಗುರುತ್ವದಲ್ಲಿ ತೇಲುತ್ತವೆ. ಆ ಗುರುತ್ವದಲ್ಲಿ ಹೆಚ್ಚಿನದು ಡಾರ್ಕ್ ಮ್ಯಾಟರಿನದು. 2019ರಲ್ಲಿ ಮಾಂಟೆಸ್ ಮತ್ತು ತ್ರುಹಿಯೋ ಹಬಲ್ ಚಿತ್ರಗಳಲ್ಲಿ ಆರು ಗೊಂಚಲುಗಳ ಮಬ್ಬು ಬೆಳಕಿನ ಆಕಾರವನ್ನು ಗುರುತ್ವ ಮಸೂರದಿಂದ (ಹಿಂದಿನ ಬೆಳಕು ಗುರುತ್ವಕ್ಕೆ ಬಾಗುವುದನ್ನು ನೋಡಿ) ತೆಗೆದ ತೂಕದ ನಕ್ಷೆಯ ಜೊತೆ ಹೋಲಿಸಿದರು. ಚೆನ್ನಾಗಿ ಹೊಂದಿತು. ಕಾಣದ ಹೊಳೆಯ ಮೇಲೆ ತೇಲುವ ದೀಪಗಳು ಹೊಳೆ ಎಲ್ಲಿದೆ ಅಂತ ತೋರಿಸಿದ ಹಾಗೆ.

ಸುಮ್ನೆ_ಕೇಳ್ದೆ

ಸರಿ ಬಿಡಿ, ಒಪ್ಕೊಂಡೆ. ಅರ್ಧ.

ವೊರೊನಾಯ್

ತಡವಾಗಿ ಬಂದೆ. ಕಸುಬಿನಿಂದ ಸೂಪರ್‌ಕಂಪ್ಯೂಟರ್ ಮೇಯಿಸೋನು, ಖಗೋಳ ಹವ್ಯಾಸ. ಎಲ್ಲರೂ ವ್ಯಾಖ್ಯೆಯ ಬಗ್ಗೆ ಮಾತಾಡ್ತಿದ್ದೀರಿ. ನನ್ನ ತಕರಾರು ಅದಕ್ಕೂ ಹಿಂದಿನದು. ಟಿಎನ್‌ಜಿ100ಕ್ಕೆ ಇಷ್ಟು ಮಬ್ಬು ಬೆಳಕನ್ನ ತೋರಿಸೋ ಯೋಗ್ಯತೆ ಇದೆಯಾ?

ಲೆಕ್ಕ ಮಾಡೋಣ. ಸಿಮ್ಯುಲೇಶನ್‌ನಲ್ಲಿ ಒಂದು "ನಕ್ಷತ್ರ ಕಣ" ಅಂದರೆ ಒಂದು ನಕ್ಷತ್ರ ಅಲ್ಲ. ಟಿಎನ್‌ಜಿ100ರಲ್ಲಿ ಅದು ಸುಮಾರು 14 ಲಕ್ಷ ಸೂರ್ಯರ ತೂಕದ ಮೂಟೆ. ಹಳೇ ನಕ್ಷತ್ರಗಳು ತೂಕಕ್ಕೆ ತಕ್ಕ ಬೆಳಕು ಕೊಡೋದಿಲ್ಲ. ಎರಡೂವರೆ ಸೂರ್ಯರ ತೂಕಕ್ಕೆ ಒಂದು ಸೂರ್ಯನ ಬೆಳಕು ಅಂತ ಹಿಡಿಯಿರಿ. ಅಂದರೆ ಒಂದು ಮೂಟೆಗೆ ಐದೂವರೆ ಲಕ್ಷ ಸೂರ್ಯರ ಬೆಳಕು.

ಈಗ 27 ಮ್ಯಾಗ್ನಿಟ್ಯೂಡ್ ಅಂದರೆ ಒಂದು ಚದರ ಪಾರ್ಸೆಕ್‌ಗೆ ಸುಮಾರು ಅರ್ಧ ಸೂರ್ಯನ ಬೆಳಕು. ಭಾಗಿಸಿ ನೋಡಿ. ಒಂದು ಚದರ ಕಿಲೋಪಾರ್ಸೆಕ್‌ಗೆ ಬರೋದು ಒಂದೇ ಒಂದು ಮೂಟೆ! 30 ಮ್ಯಾಗ್ನಿಟ್ಯೂಡ್‌ಗೆ ಹೋದರೆ ನಾಲ್ಕು ಕಿಲೋಪಾರ್ಸೆಕ್ ಉದ್ದ, ನಾಲ್ಕು ಅಗಲದ ಜಾಗಕ್ಕೆ ಒಂದು. ಅಂದರೆ ಹದಿಮೂರು ಸಾವಿರ ಜ್ಯೋತಿರ್ವರ್ಷದ ಚೌಕಕ್ಕೆ ಒಂದು ಚುಕ್ಕಿ. ತೆಳ್ಳಗಿನ ನಕ್ಷತ್ರದ ಎಳೆ ಅಲ್ಲಿ ಹೇಗೆ ಕಂಡೀತು? ದಪ್ಪ ಚುಕ್ಕಿಯ ರಂಗೋಲಿಯಲ್ಲಿ ಕೂದಲೆಳೆ ಬಿಡಿಸೋಕೆ ಆಗುತ್ತಾ?

ಟಿಎನ್‌ಜಿ50ರಲ್ಲಿ ಮೂಟೆ 85 ಸಾವಿರ ಸೂರ್ಯರದ್ದು. 30 ಮ್ಯಾಗ್ನಿಟ್ಯೂಡ್‌ನಲ್ಲೂ ಒಂದು ಕಿಲೋಪಾರ್ಸೆಕ್ ಚೌಕಕ್ಕೆ ಒಂದು ಸಿಗುತ್ತದೆ. ಎಷ್ಟೋ ವಾಸಿ.

ಶರಾವತಿ_ತೀರ

ಅಯ್ಯೋ. ನಾನು ಚಿತ್ರ ಮಾಡುವಾಗ ಕಣಗಳನ್ನ ನುಣುಪಾಗಿ ಹರಡುತ್ತೇನೆ, ಅದಕ್ಕೇ ಚಂದ ಕಾಣುತ್ತಿತ್ತು. ಹಾಗಾದರೆ ಟಿಎನ್‌ಜಿ50ಕ್ಕೆ ಹೋಗಬೇಕಾ? ಅದರ ಪೆಟ್ಟಿಗೆ ಚಿಕ್ಕದು. ದೊಡ್ಡ ಗುಂಪುಗಳು ಕಡಿಮೆ.

ವೊರೊನಾಯ್

ಕಡಿಮೆಯೇ. ಪೆಟ್ಟಿಗೆಯ ಒಂದು ಬದಿ ಸುಮಾರು 17 ಕೋಟಿ ಜ್ಯೋತಿರ್ವರ್ಷ. ಟಿಎನ್‌ಜಿ300ದ್ದು ಹತ್ತಿರಹತ್ತಿರ ನೂರು ಕೋಟಿ, ಆದರೆ ಅಲ್ಲಿ ಒಂದೊಂದು ಮೂಟೆಯೂ ಕೋಟಿ ಸೂರ್ಯರದ್ದು. ತುಂಬ ಗುಂಪು ಬೇಕಾ, ಒಂದೊಂದನ್ನೂ ಚೆನ್ನಾಗಿ ನೋಡಬೇಕಾ, ಒಂದನ್ನ ಆರಿಸಿಕೊಳ್ಳಬೇಕು. ಟಿಎನ್‌ಜಿ50 ಒಂದನ್ನ ಓಡಿಸೋಕೇ ಸ್ಟುಟ್‌ಗಾರ್ಟಿನ ಹೇಜೆಲ್ ಹೆನ್ ಯಂತ್ರದ 16 ಸಾವಿರ ಕೋರ್‌ಗಳು ಒಂದು ವರ್ಷಕ್ಕೂ ಜಾಸ್ತಿ ದುಡಿದಿವೆ. ಇನ್ನೂ ಸಣ್ಣ ಮೂಟೆ ಕೊಡಿ ಅಂತ ಕೇಳೋಕೆ ನಾಚಿಕೆಯಾಗಬೇಕು ನಮಗೆ.

ಇನ್ನೊಂದು ಮಾತು. ಡಾರ್ಕ್ ಮ್ಯಾಟರ್ ಮೂಟೆ ನಕ್ಷತ್ರ ಮೂಟೆಗಿಂತ ಐದು ಪಟ್ಟು ಭಾರ. ಕಲ್ಲಂಗಡಿ ರಾಶಿಯಲ್ಲಿ ನಿಂಬೆಹಣ್ಣು ಹಾಕಿ ಅಲ್ಲಾಡಿಸಿದ ಹಾಗೆ. ನಿಂಬೆಹಣ್ಣುಗಳಿಗೆ ಸುಮ್ಮಸುಮ್ಮನೆ ಏಟು ಬಿದ್ದು ವೇಗ ಜಾಸ್ತಿಯಾಗುತ್ತದೆ. ತೆಳ್ಳಗಿರಬೇಕಾದ ತಟ್ಟೆ ಗ್ಯಾಲಕ್ಸಿ ಊದಿಕೊಳ್ಳುತ್ತದೆ. ಊದಿದ್ದು ಸುಲಭವಾಗಿ ಕಿತ್ತುಬರುತ್ತದೆ. ನೀನು ಅಳೆದ ಬೆಳಕಿನಲ್ಲಿ ಕೆಲವು ಪಾಲು ಪ್ರಕೃತಿಯದ್ದಲ್ಲ, ಯಂತ್ರದ್ದು.

ಪರದೇಶಿ_ಗಣಕ

ವೊರೊನಾಯ್ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. 2018ರಲ್ಲಿ ವ್ಯಾನ್ ಡೆನ್ ಬಾಷ್ ಮತ್ತು ಒಗಿಯಾ ತೋರಿಸಿದ್ದು ಹೊಟ್ಟೆಯಲ್ಲಿ ಹುಳಿ ಹಿಂಡುವಂಥದ್ದು. ಸಿಮ್ಯುಲೇಶನ್‌ಗಳಲ್ಲಿ ಪುಟ್ಟ ಗ್ಯಾಲಕ್ಸಿಗಳ ಡಾರ್ಕ್ ಮ್ಯಾಟರ್ ಗೂಡುಗಳು ಪೂರ್ತಿ ನಾಶವಾಗೋದರಲ್ಲಿ ದೊಡ್ಡ ಪಾಲು ಲೆಕ್ಕದ ದೋಷ. ಕಣ ಸಾಲದೆ ಕರಗಿಹೋಗುತ್ತವೆ.

ಹತ್ತು ಕೋಟಿ ಸೂರ್ಯರ ತೂಕದ ಒಂದು ಕುಬ್ಜ ಗ್ಯಾಲಕ್ಸಿ ಟಿಎನ್‌ಜಿ100ರಲ್ಲಿ ಎಪ್ಪತ್ತು ಕಣ ಅಷ್ಟೇ. ಟಿಎನ್‌ಜಿ50ರಲ್ಲಿ ಸಾವಿರಕ್ಕೂ ಮೇಲೆ. ಎಪ್ಪತ್ತು ಜನರ ಊರು ಖಾಲಿಯಾಗೋಕೆ ಎಷ್ಟು ಹೊತ್ತು?

ಆದರೆ ಪೂರ್ತಿ ಕೈಬಿಡಬೇಡ. ಮಬ್ಬು ಬೆಳಕಿಗೆ ಹೆಚ್ಚು ಕೊಡೋದು ಕುಬ್ಜ ಗ್ಯಾಲಕ್ಸಿಗಳಲ್ಲ ಅಂತ ಹಲವು ಮಾದರಿಗಳು ಹೇಳುತ್ತವೆ. ಸಾವಿರ ಕೋಟಿ ಸೂರ್ಯರಿಂದ ಮೇಲಿನ ಕೆಲವೇ ದೊಡ್ಡ ಗ್ಯಾಲಕ್ಸಿಗಳು ಮುಖ್ಯ ದಾನಿಗಳು. ಸಂಖ್ಯೆಯಲ್ಲಿ ಕುಬ್ಜಗಳು ಜಾಸ್ತಿ, ಕೊಡುಗೆಯಲ್ಲಿ ದೊಡ್ಡವು. ದೊಡ್ಡವಕ್ಕೆ ಟಿಎನ್‌ಜಿ100 ಪರವಾಗಿಲ್ಲ.

ಆಕಾಶದಲ್ಲಿ ಇದನ್ನ ಬಣ್ಣದಿಂದ ಪರೀಕ್ಷಿಸಬಹುದು. ದೊಡ್ಡ ಗ್ಯಾಲಕ್ಸಿಯ ನಕ್ಷತ್ರಗಳಲ್ಲಿ ಕಬ್ಬಿಣದಂಥ ಭಾರ ಮೂಲವಸ್ತು ಜಾಸ್ತಿ, ಬಣ್ಣ ಕೆಂಪಿನ ಕಡೆ. ಕುಬ್ಜದವು ನೀಲಿ ಕಡೆ. ನಡುವಿನ ಬೆಳಕು ಯಾವ ಬಣ್ಣ ಅಂತ ನೋಡಿದರೆ ಯಾರ ಮನೆಯಿಂದ ಬಂದದ್ದು ಅಂತ ಸುಳಿವು ಸಿಗುತ್ತದೆ.

ಹಳೇ_ಮೇಷ್ಟ್ರು

ಒಂದೊಂದು ನಕ್ಷತ್ರವನ್ನೇ ಬಿಡಿಯಾಗಿ ನೋಡಲು ಆಗುವುದಿಲ್ಲವೇ? ಬೆಳಕಿನ ಮಬ್ಬನ್ನು ಅಳೆಯುವ ಪಾಡೇ ತಪ್ಪುತ್ತಿತ್ತು.

ಪರದೇಶಿ_ಗಣಕ

ಹತ್ತಿರದ ಗುಂಪು, ಗೊಂಚಲುಗಳಲ್ಲಿ ಆಗುತ್ತದೆ ಮೇಷ್ಟ್ರೇ. ಸಾಯುವ ಹೊತ್ತಿಗೆ ಸೂರ್ಯನಂಥ ನಕ್ಷತ್ರ ಹೊರಪದರ ಚೆಲ್ಲಿ ಹೊಳೆಯುವ ಅನಿಲದ ಮೋಡ, ಪ್ಲಾನೆಟರಿ ನೆಬ್ಯುಲಾ, ಆಗುತ್ತದಲ್ಲ, ಅದು ತನ್ನ ಬೆಳಕಿನಲ್ಲಿ ದೊಡ್ಡ ಪಾಲನ್ನು 500.7 ನ್ಯಾನೋಮೀಟರ್‌ನ ಒಂದೇ ಹಸಿರು ಗೆರೆಯಲ್ಲಿ ಸುರಿಯುತ್ತದೆ. ಆ ಗೆರೆಗೆ ಫಿಲ್ಟರ್ ಹಾಕಿದರೆ ಚುಕ್ಕಿಯಾಗಿ ಎದ್ದು ಕಾಣುತ್ತದೆ. ಅದರ ವೇಗವೂ ಸಿಗುತ್ತದೆ. ಕನ್ಯಾ ಗೊಂಚಲಿನಲ್ಲಿ ಹೀಗೆ ಯಾವ ಗ್ಯಾಲಕ್ಸಿಗೂ ಸೇರದವು 1996ರಲ್ಲಿ ಸಿಕ್ಕವು. ಎರಡು ವರ್ಷದ ನಂತರ ಹಬಲ್ ಅಲ್ಲೇ ಒಂಟಿ ಕೆಂಪು ದೈತ್ಯ ನಕ್ಷತ್ರಗಳನ್ನೂ ಕಂಡಿತು.

ಸುಮ್ನೆ_ಕೇಳ್ದೆ

ಅಂಥ ನಕ್ಷತ್ರದ ಸುತ್ತ ಗ್ರಹ ಇದ್ದು, ಅಲ್ಲಿ ಯಾರಾದ್ರೂ ಇದ್ರೆ ಅವರ ರಾತ್ರಿ ಆಕಾಶ ಹೆಂಗಿರುತ್ತೆ?

ಕತ್ತಲೆ_ಬೇಟೆ

ಬರಿಗಣ್ಣಿಗೆ ಒಂದು ನಕ್ಷತ್ರವೂ ಇಲ್ಲ. ಅಲ್ಲಲ್ಲಿ ಕೆಲವು ಮಬ್ಬು ಗ್ಯಾಲಕ್ಸಿ, ಅಷ್ಟೇ. ನನ್ನಂಥವನಿಗೆ ಸ್ವರ್ಗ. ಬೀದಿದೀಪ ಇಲ್ಲದಿದ್ದರೆ.

ಶರಾವತಿ_ತೀರ

ಮೊದಲ ಪೋಸ್ಟಿನ ಇನ್ನೊಂದು ಪ್ರಶ್ನೆ ಹಾಗೇ ಉಳಿದಿದೆ. ಸ್ನ್ಯಾಪ್‌ಶಾಟ್‌ನಿಂದ ಸ್ನ್ಯಾಪ್‌ಶಾಟ್‌ಗೆ ಹಾರುವುದು ಯಾಕೆ? ಟಿಎನ್‌ಜಿಯಲ್ಲಿ ನೂರು ಸ್ನ್ಯಾಪ್‌ಶಾಟ್ ಇವೆ. ಎರಡರ ನಡುವೆ ಸುಮಾರು 15 ಕೋಟಿ ವರ್ಷ. ಅಷ್ಟರಲ್ಲಿ ಅಷ್ಟೊಂದು ನಕ್ಷತ್ರ ಹೊರಗೆ ಹೋಗಿ ಮತ್ತೆ ವಾಪಸ್ ಬರಲು ಸಾಧ್ಯವೇ ಇಲ್ಲ.

ವೊರೊನಾಯ್

ಅದು ಸಬ್‌ಫೈಂಡ್ ಕಿತಾಪತಿ. ಟಿಎನ್‌ಜಿಯಲ್ಲಿ ಯಾವ ಕಣ ಯಾವ ಗ್ಯಾಲಕ್ಸಿಗೆ ಅಂತ ಹಂಚೋ ಪ್ರೋಗ್ರಾಂ ಅದು. ಸಾಂದ್ರತೆಯ ದಿಬ್ಬಗಳನ್ನ ಹುಡುಕುತ್ತದೆ. ಪ್ರತಿ ದಿಬ್ಬಕ್ಕೂ ಅದಕ್ಕೆ ಅಂಟಿಕೊಂಡ ಕಣ ಕೊಡುತ್ತದೆ. ಮಿಕ್ಕಿದ್ದೆಲ್ಲ ನಡುವಿನ ದೊಡ್ಡ ಗ್ಯಾಲಕ್ಸಿಯ ಖಾತೆಗೆ. ಅಂದರೆ ಐಜಿಎಲ್‌ಗೆ ಅಲ್ಲಿ ಬೇರೆ ಖಾತೆಯೇ ಇಲ್ಲ, ದೊಡ್ಡಣ್ಣನ ಹೆಸರಲ್ಲೇ ಬರೆದುಕೊಂಡಿರುತ್ತಾರೆ.

ಒಂದು ಚಿಕ್ಕ ಗ್ಯಾಲಕ್ಸಿ ನಡುಭಾಗದ ಹತ್ತಿರ ಹಾದುಹೋಗುವಾಗ ಅದರ ದಿಬ್ಬ ದೊಡ್ಡ ಗುಡ್ಡದಲ್ಲಿ ಮುಳುಗುತ್ತದೆ. ಪ್ರೋಗ್ರಾಂಗೆ ಅದರ ಹೊರಭಾಗ ಕಾಣೋದಿಲ್ಲ. ಅದನ್ನೆಲ್ಲ ದೊಡ್ಡಣ್ಣನಿಗೆ ಬರೆಯುತ್ತದೆ. ನಿನ್ನ ಐಜಿಎಲ್ ಹಾರುತ್ತದೆ. ಗ್ಯಾಲಕ್ಸಿ ಆಚೆ ಬಂದಮೇಲೆ ಮತ್ತೆ ಅದರ ಖಾತೆಗೆ. ಐಜಿಎಲ್ ಇಳಿಯುತ್ತದೆ. ನಿನ್ನ ಗುಂಪಿನಲ್ಲಿ ಮೂರೂ ದೊಡ್ಡವು ಹತ್ತಿರಹತ್ತಿರ ಒಂದೇ ತೂಕ ಅಂತೀಯ. ಹಾಗಿದ್ದರೆ ಯಾರು ದೊಡ್ಡಣ್ಣ ಅನ್ನೋದೇ ಆಗಾಗ ಬದಲಾಗುತ್ತಿರಬಹುದು. 30 ಕಿಲೋಪಾರ್ಸೆಕ್ ಅಳೆಯೋ ಗೂಟವೇ ಜಾಗ ಬದಲಿಸಿದರೆ ಅಳತೆ ಹೇಗೆ ನಿಲ್ಲುತ್ತದೆ?

ಶರಾವತಿ_ತೀರ

ನೋಡಿದೆ. ಸತ್ಯ! ಹಾರಿದ ಎರಡೂ ಕಡೆ ಕೇಂದ್ರ ಗ್ಯಾಲಕ್ಸಿಯ ಗುರುತು ಬದಲಾಗಿದೆ. ಮೂರು ವಾರ ಇದನ್ನೇ ಭೌತಶಾಸ್ತ್ರ ಅಂದುಕೊಂಡು "ಹೊಸ ಸಂಗತಿ" ಅಂತ ಗೈಡ್‌ಗೂ ಹೇಳಿಬಿಟ್ಟಿದ್ದೆ. ನಾಳೆ ಹೋಗಿ ತಿದ್ದಬೇಕು.

ಪರದೇಶಿ_ಗಣಕ

ನಾಚಿಕೊಳ್ಳಬೇಡ, ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿ ಇದನ್ನೇ ಮಾಡಿದ್ದೆ. ವೇಗವನ್ನೂ ಸೇರಿಸಿ ಹುಡುಕುವ ರಾಕ್‌ಸ್ಟಾರ್, ವೆಲೊಸಿರಾಪ್ಟರ್‌ನಂಥ ಪ್ರೋಗ್ರಾಂ ಇವೆ. ಅವು ಮುಳುಗಿದ ದಿಬ್ಬವನ್ನೂ ಹಿಡಿಯುತ್ತವೆ. ಅಷ್ಟು ದೂರ ಹೋಗದೆ ಸುಲಭ ದಾರಿ ಬೇಕಾದರೆ, ಪ್ರತಿ ನಕ್ಷತ್ರ ಕಣದ ಚರಿತ್ರೆ ನೋಡು. ಹಿಂದೆ ಒಂದು ಗ್ಯಾಲಕ್ಸಿಯಲ್ಲಿತ್ತು, ಈಗ ಸಾಲಾಗಿ ನಾಲ್ಕೈದು ಸ್ನ್ಯಾಪ್‌ಶಾಟ್‌ನಿಂದ ಯಾರ ಹತ್ತಿರವೂ ಇಲ್ಲ ಅಂದರೆ ಮಾತ್ರ ಹೊರಗಿನದು ಅನ್ನು.

ಇನ್ನು ಗೈಡ್‌ಗೆ ಕೊಡೋ ನಂಬರ್. ಆಕಾಶದ ಜೊತೆ ಹೋಲಿಸಬೇಕಾ? ಹಾಗಾದರೆ ಆಕಾಶದವರು ಅಳೆದ ಹಾಗೇ ಅಳೆ. ಕಣಗಳಿಗೆ ವಯಸ್ಸು, ಲೋಹಾಂಶ ನೋಡಿ ಬೆಳಕು ಕೊಡು. ಚಿತ್ರ ಮಾಡು. ದೂರದ ಗುಂಪಾದರೆ ಮಬ್ಬಾಗೋದನ್ನ ಮರೆಯಬೇಡ. ಗಾಮಾ ಗುಂಪಿನ ಹಾಗೆ ಕೆಂಪುಸರಿತ (ವಿಶ್ವ ಹಿಗ್ಗಿ ಬೆಳಕು ಕೆಂಪಿನ ಕಡೆ ಸರಿಯುವ ಅಳತೆ, ರೆಡ್‌ಶಿಫ್ಟ್) 0.2 ಇದ್ದರೆ ಅದೊಂದರಿಂದಲೇ ಮೇಲ್ಮೈ ಹೊಳಪು ಅರ್ಧವಾಗುತ್ತದೆ. ದೂರದರ್ಶಕದ ಚೆದುರುವಿಕೆ ಸೇರಿಸು. ಗ್ಯಾಲಕ್ಸಿಯ ನಡುವಿನ ಬೆಳಕೇ ಚೆದುರಿ ಹೊರಗೆ ಬಂದು ಐಜಿಎಲ್ ವೇಷ ಹಾಕುತ್ತದೆ. ಆಮೇಲೆ ಆಕಾಶದ ಹೊಳಪು, ಚಿತ್ರದ ಗದ್ದಲ (ನಾಯ್ಸ್) ಸೇರಿಸು. ಆಮೇಲೆ ಅಳೆ.

ಚಿಲಿಯ ರೂಬಿನ್ ವೀಕ್ಷಣಾಲಯಕ್ಕೆ ತಯಾರಿ ಅಂತ 2024ರಲ್ಲಿ ಇಂಥದ್ದೇ ಕೆಲಸ ಆಯಿತು. ನಾಲ್ಕು ಬೇರೆ ಸಿಮ್ಯುಲೇಶನ್‌ಗಳ ಗೊಂಚಲುಗಳಿಗೆ ಕೃತಕ ಚಿತ್ರ ಮಾಡಿ, ವೀಕ್ಷಕರ ತಂಡಗಳಿಗೆ ಅಳೆಯಲು ಕೊಟ್ಟರು.

ಕತ್ತಲೆ_ಬೇಟೆ

ತಂಗಿ, ಹಾಗಾದ್ರೆ ನನಗೊಂದು ಕೊಡು. ಒಳಗೆ ಎಷ್ಟು ಬೆಳಕು ಹಾಕಿದ್ದೀಯ ಅಂತ ಹೇಳಬೇಡ. ಮೂಡಿಗೆರೆ ಆಕಾಶದ ಹೊಳಪು ಹಾಕು, ಸ್ವಲ್ಪ ಚಂದ್ರನ ಕಾಟವನ್ನೂ ಹಾಕು. ನನ್ನ ಫೋಟೋಗಳಿಗೆ ಏನು ಮಾಡ್ತೀನೋ ಅದನ್ನೇ ಮಾಡಿ ಎಷ್ಟು ಸಿಕ್ಕಿತು ಅಂತ ಹೇಳ್ತೀನಿ.

ಹಳೇ_ಮೇಷ್ಟ್ರು

ಇದು ಬಹಳ ಚೆನ್ನಾಗಿದೆ. ನಡುವೆ ಒಂದು ವಿಷಯ: ಹಿಕ್‌ಸನ್ ಎಂದಿರಲ್ಲ, 1982ರಲ್ಲಿ ಆ ನೂರು ಗುಂಪುಗಳ ಪಟ್ಟಿ ಮಾಡಿದವರು. ನೈನಿತಾಲ್ ಹತ್ತಿರ ದೇವಸ್ಥಲದಲ್ಲಿ ಪಾದರಸದ ಕನ್ನಡಿ ಇರುವ ನಾಲ್ಕು ಮೀಟರ್ ದೂರದರ್ಶಕ 2022ರಲ್ಲಿ ಮೊದಲ ಬೆಳಕು ಕಂಡಿತಲ್ಲ, ಅದರ ಹಿಂದೆಯೂ ಅವರೇ ಇದ್ದಾರೆ ಎಂದು ಓದಿದೆ. ಹೌದೇ?

ಪರದೇಶಿ_ಗಣಕ

ಹೌದು ಮೇಷ್ಟ್ರೇ, ಅದೇ ಪಾಲ್ ಹಿಕ್‌ಸನ್. ದ್ರವ ಕನ್ನಡಿ ಅವರ ಹಳೇ ಹುಚ್ಚು. ಬಟ್ಟಲಿನಲ್ಲಿ ಪಾದರಸ ತಿರುಗಿಸಿದರೆ ಅದೇ ಪ್ಯಾರಾಬೋಲಾ ಆಗುತ್ತದೆ. ವಾಲಿಸುವ ಹಾಗಿಲ್ಲ, ಚೆಲ್ಲಿಹೋಗುತ್ತದೆ. ಅದಕ್ಕೇ ನೆತ್ತಿಯ ಮೇಲೆ ಹಾದುಹೋಗುವ ಪಟ್ಟಿಯನ್ನಷ್ಟೇ ನೋಡುತ್ತದೆ.

ಶರಾವತಿ_ತೀರ

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಟಿಎನ್‌ಜಿ50ರಿಂದ ಹೊಸ ಗುಂಪು ತೆಗೆದು ಕೃತಕ ಚಿತ್ರ ಮಾಡಿದೆ. ಕತ್ತಲೆ_ಬೇಟೆ ಅಣ್ಣನಿಗೆ ಕಳಿಸಿದೆ. ಅವರೇ ಹೇಳಲಿ.

ಕತ್ತಲೆ_ಬೇಟೆ

ಹೇಳ್ತೀನಿ, ಮಾನ ಹೋದರೂ ಸರಿ. ಮೊದಲ ಸಲ ಅಭ್ಯಾಸಬಲದಿಂದ ಹಿನ್ನೆಲೆ ಸಮ ಮಾಡೋ ಸಾಧನ ಓಡಿಸಿದೆ. ಚಂದ್ರನ ಕಾಟ ಹೋಯಿತು, ಚಿತ್ರ ಕಡುಕಪ್ಪು, ಮೂರು ಗ್ಯಾಲಕ್ಸಿ ಮುತ್ತಿನ ಹಾಗೆ. ನಡುವೆ ಬೆಳಕು ಏನೂ ಇಲ್ಲ ಅಂತ ಬರೆದು ಕಳಿಸಿದೆ.

ಅವಳು ಹಾಕಿದ್ದು ಇತ್ತಂತೆ, ಚೆನ್ನಾಗೇ ಇತ್ತಂತೆ. ಆ ಸಾಧನ ಅಗಲವಾಗಿ ಹರಡಿದ ಮಂಕು ಬೆಳಕು ಎಲ್ಲವನ್ನೂ ಕಸ ಅಂದುಕೊಂಡು ಗುಡಿಸಿಬಿಟ್ಟಿತ್ತು. ಚಂದ್ರನ ಬೆಳಕೂ ಐಜಿಎಲ್ಲೂ ಅದಕ್ಕೆ ಒಂದೇ.

ಎರಡನೇ ಸಲ ಚಿತ್ರದ ದೂರದ ಮೂಲೆಗಳಿಂದ ಮಾತ್ರ ಹಿನ್ನೆಲೆ ತೆಗೆದುಕೊಂಡೆ. ಈಗ ಒಂದಷ್ಟು ಸಿಕ್ಕಿತು. ಆದರೂ ನಿಜದ ಅರ್ಧಕ್ಕಿಂತ ಕಡಿಮೆ. ನನಗೀಗ ಹಳೇ ಫೋಟೋಗಳ ಚಿಂತೆ. ಎಂಟು ವರ್ಷದಿಂದ ಎಷ್ಟು ಗುಂಪುಗಳ ಬೆಳಕು ಗುಡಿಸಿ ಎಸೆದಿದ್ದೀನೋ.

ವೊರೊನಾಯ್

ಕಚ್ಚಾ ಫೈಲ್ ಇಟ್ಟಿದ್ದೀರಾ?

ಕತ್ತಲೆ_ಬೇಟೆ

ಎಲ್ಲ ಇದೆ. ಎರಡು ಹಾರ್ಡ್ ಡಿಸ್ಕ್. ಒಂದು ಅಡಿಕೆ ಚೀಲದ ಹಿಂದೆ ಇಟ್ಟಿದ್ದೆ, ನಿನ್ನೆ ಹುಡುಕಿ ತೆಗೆದೆ.

ಶರಾವತಿ_ತೀರ

ಗೈಡ್‌ಗೆ ಈಗ ಒಂದು ನಂಬರ್ ಬದಲು ಒಂದು ಕೋಷ್ಟಕ ಕೊಟ್ಟೆ. ಒಂದು ಕಡೆ ವಿಧಾನಗಳು, ಇನ್ನೊಂದು ಕಡೆ ಚಿತ್ರದಲ್ಲಿ ಸಿಕ್ಕಿದ್ದು, ಕಣಗಳಲ್ಲಿ ನಿಜವಾಗಿ ಇದ್ದದ್ದು. ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ "ಈ ಮೂಡಿಗೆರೆ ಅನ್ನೋ ಕಾಲಮ್ ಏನಮ್ಮ?" ಅಂತ ಕೇಳಿದರು.

ಕತ್ತಲೆ_ಬೇಟೆ

ಹ್ಹ ಹ್ಹ. ಎರಡನೇ ಚಿತ್ರವೂ ಬಂತು ತಂಗಿ, ಇವತ್ತು ರಾತ್ರಿ ಕೂರ್ತೀನಿ. ಒಂದು ಅನುಮಾನ. ತಲೆಕೆಳಗಾಗಿ ತೆರೆದುಕೊಂಡಿದೆಯಾ ಅಂತ. ಇದರಲ್ಲಿ ಉತ್ತರ ದಿಕ್ಕು ಯಾವ ಕಡೆ?

ಶರಾವತಿ_ತೀರ

ಅಣ್ಣಾ, ಸಿಮ್ಯುಲೇಶನ್‌ನಲ್ಲಿ ಉತ್ತರ ದಿಕ್ಕು ಇಲ್ಲ. ಯಾವ ಕಡೆ ಬೇಕಾದರೂ ತಿರುಗಿಸಿಕೊಳ್ಳಿ.